ಮಡಕೆಯ ಚೂರಿನ ತೀರ್ಪು

ಒಬ್ಬನನ್ನು ತಮ್ಮೊಳಗಿಂದ ತಳ್ಳಿಬಿಡುವದಕ್ಕೆ ಇಂಗ್ಲಿಷರು ‘ಆಸ್ಟ್ರಸೈಜ್’ ಅನ್ನುವರು. ಇದು ಗ್ರೀಕರ ‘ಓಸ್ತ್ರಕೋನ್’, ಅಂದರೆ ಮಡಕೆಯ ಚೂರು ಎಂಬ ಮಾತಿನಿಂದ ಹುಟ್ಟಿತು. ಕ್ರಿ. ಪೂ. 5ನೆಯ ಶತಮಾನದಲ್ಲಿ ಅಥೇನೆ ಪಟ್ಟಣದವರು ಚೂರಿನಲ್ಲಿ ಒಬ್ಬನ ಹೆಸರನ್ನು ಗೀರಿ ಹಾಕುತ್ತಿದ್ದರು. ಹೆಚ್ಚು ಚೂರುಗಳು ಯಾರಿಗೆ ಬಿದ್ದವೋ ಅವನು 10 ವರುಷ ದೇಶ ಬಿಡಬೇಕಾಗಿತ್ತು. ಅಪರಾಧವನ್ನು ಹೊರಿಸುವದಿಲ್ಲ, ಉತ್ತರವನ್ನು ಕೇಳುವದೂ ಇಲ್ಲ.

ಓದುಬರಹ ಅರಿಯದ ಒಬ್ಬನು ನೀತಿವಂತನಾದ ಅರಿಸ್ತೀದನನ್ನು ಗುರುತಿಸದೆ, ಅವನ ಕೈಯಿಂದಲೇ ಅವನ ಹೆಸರನ್ನು ಬರೆಸಿಕೊಂಡನೆಂದು ಪ್ಲೂತಾರ್ಕನು ಹೇಳುತ್ತಾನೆ. ಎಲ್ಲರೂ ಅವನನ್ನು ನೀತಿವಂತನೆಂದು ಕರೆಯುವದನ್ನು ಕೇಳಿ ಕೇಳಿ ಬೇಸತ್ತನಂತೆ! ಇದು ದಂಡನೆಯೋ, ಹೊಟ್ಟೆಕಿಚ್ಚೋ? ನಾವಾದರೂ ನೆರೆಯವನೊಡನೆ ಮಾತು ಬಿಡುವಾಗ ಕಾರಣವನ್ನು ಅವನ ಮುಂದೆ ಹೇಳಬಲ್ಲೆವೋ?

1937ರಲ್ಲಿ ಅಥೇನೆಯ ಒಂದು ಹಳೇ ಬಾವಿಯಲ್ಲಿ ತೆಮಿಸ್ತೋಕ್ಲನ ಹೆಸರುಳ್ಳ ಸುಮಾರು 190 ಚೂರುಗಳು ಸಿಕ್ಕಿದವು. ಅವುಗಳನ್ನು ಬರೆದ ಕೈಗಳು 14 ಮಾತ್ರ. ಜನರಿಗೆ ಹಂಚುವದಕ್ಕೆ ಮುಂಚಿತವಾಗಿಯೇ ಸಿದ್ಧಮಾಡಿದ್ದರೆಂದು ತೋರುತ್ತದೆ.