ಅಜ್ಜಿಯ ಜಾಡಿ

ಶಿಡ್ಲಘಟ್ಟದ ನಮ್ಮ ಅಡಿಗೆಮನೆಯ ಗೂಡಿನಲ್ಲಿ ಮೂರು ಜಾಡಿಗಳಿದ್ದವು. ಎರಡರಲ್ಲಿ ಉಪ್ಪಿನಕಾಯಿ. ಮೂರನೆಯದು ಚಿಕ್ಕದು, ಬಿಳಿಯ ಮೈ, ನೀಲಿ ಹೂಬಳ್ಳಿ, ಬಾಯಿಗೆ ಹಳೆಯ ಪಂಚೆಯ ಚೂರು. ಅದು ಅಜ್ಜಿಯ ಲೇಹದ ಜಾಡಿ. ಅವಳ ಹೊರತು ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅದರ ಅಕ್ಕನಂಥ ಜಾಡಿಗಳನ್ನು ಕಂಡು ನಿಂತುಬಿಟ್ಟೆ. ಐನೂರು ವರ್ಷಗಳ ಹಿಂದೆ ಇಟಲಿಯ ಔಷಧದಂಗಡಿಗಳಲ್ಲಿ ಲೇಹ, ಮುಲಾಮು ತುಂಬಿಡುತ್ತಿದ್ದ ಜಾಡಿಗಳು. ಆಲ್ಬರೆಲ್ಲೊ ಎಂದು ಹೆಸರು. ಸಾಲಿನಿಂದ ಎತ್ತಿಕೊಳ್ಳಲು ಕೈಗೆ ಸಿಗಲೆಂದು ಸಣ್ಣ ಸೊಂಟ, ಬಟ್ಟೆ ಬಿಗಿದು ಕಟ್ಟಲು ಬಾಯಿಗೆ ಅಂಚು. ಹೂಬಳ್ಳಿಯ ನಡುವೆ ಮದ್ದಿನ ಹೆಸರು.

ನೋಡಲು ಪಿಂಗಾಣಿ, ಆದರೆ ಒಳಗೆ ಸಾಧಾರಣ ಜೇಡಿಮಣ್ಣು. 9ನೇ ಶತಮಾನದಲ್ಲಿ ಇರಾಕಿನ ಕುಂಬಾರರು ಚೀನಾದ ಬಿಳಿ ಪಾತ್ರೆಗಳಿಗೆ ಮರುಳಾದರು. ಅಂಥ ಮಣ್ಣು ತಮ್ಮಲ್ಲಿರಲಿಲ್ಲ. ಮೆರುಗಿಗೆ ತವರದ ಬೂದಿ ಬೆರೆಸಿ ಮಣ್ಣಿನ ಬಣ್ಣ ಕಾಣದಂತೆ ಬಿಳಿಯ ಹೊದಿಕೆ ಕೊಟ್ಟರು. ಆ ವಿದ್ಯೆ ಸ್ಪೇನಿಗೆ, ಇಟಲಿಗೆ ಹೋಯಿತು. ಇದು ಮೋಸವೇ? ಅಲ್ಲಿ ನಿಂತಾಗ ನನಗೆ ನೆನಪಾದದ್ದು ಅಜ್ಜಿ.

ರೇಷ್ಮೆ ಬಿಚ್ಚುವ ಕೆಲಸದ ಹೆಂಗಸೊಬ್ಬಳು ಕೆಮ್ಮಿಗೆಂದು ನಮ್ಮ ಮನೆಗೆ ಬರುತ್ತಿದ್ದಳು. "ಅಮ್ಮಾವ್ರೇ, ನಿಮ್ಮ ಜಾಡಿ ಮದ್ದು ತಿಂದ್ರೆ ಎದೆ ಹಗುರಾಗುತ್ತೆ" ಅನ್ನುತ್ತಿದ್ದಳು. ಆ ವರ್ಷ ಮನೆಯಲ್ಲಿ ಕೈ ಕಟ್ಟಿತ್ತು. ಲೇಹಕ್ಕೆ ಹಿಪ್ಪಲಿ ಇಲ್ಲ, ಜೇನುತುಪ್ಪ ಇಲ್ಲ. ಬರೀ ಶುಂಠಿ, ಬೆಲ್ಲ. "ಹೇಳಲ್ವಾ ಅಜ್ಜಿ?" ಎಂದೆ. "ಅವಳ ಸಮಾಧಾನ ನಾನ್ಯಾಕೆ ಕೆಡಿಸಲಿ?" ಎಂದಳು.

ಒಂದು ದಿನ ಅವಳ ಸೆರಗಿನಲ್ಲಿ ರಕ್ತ ಕಂಡಿತು. ಅಜ್ಜಿ ಚಮಚ ಕೆಳಗಿಟ್ಟು ಜಾಡಿಯ ಬಾಯಿ ಕಟ್ಟಿದಳು. "ಇದರಲ್ಲಿ ಬೆಲ್ಲ ಬಿಟ್ಟರೆ ಏನೂ ಇಲ್ಲ ಕಣಮ್ಮ, ನಡಿ" ಎಂದು ತಾನೇ ಬಸ್ಸು ಹತ್ತಿಸಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದಳು. ಆಗ ಅದಿನ್ನೂ ಕೋಲಾರ ಜಿಲ್ಲೆಯ ತಾಲ್ಲೂಕು, ಜಿಲ್ಲೆಯಾದದ್ದು 2007ರಲ್ಲಿ. ಕ್ಷಯ ಎಂದರು. ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಣವಾದಳು. ಆಮೇಲೊಮ್ಮೆ ಬಂದು, ಸಿಟ್ಟಿಲ್ಲದೆ, "ಮೊದಲೇ ಹೇಳಿದ್ರೆ ಮೊದಲೇ ಹೋಗ್ತಿದ್ದೆನಲ್ಲಾ ಅಮ್ಮಾವ್ರೇ" ಎಂದಳು. ಅಜ್ಜಿ ಉತ್ತರ ಕೊಡಲಿಲ್ಲ. ಮತ್ತೆ ಆ ಜಾಡಿಗೆ ಲೇಹ ತುಂಬಲೂ ಇಲ್ಲ.

ಅಜ್ಜಿ ಕೆಟ್ಟವಳಲ್ಲ. ಬೆಲ್ಲ ಕೊಟ್ಟದ್ದೂ ಕರುಣೆಯಿಂದಲೇ. ಆದರೆ ಆ ಹೆಂಗಸು ನಂಬಿದ್ದು ಬೆಲ್ಲವನ್ನಲ್ಲ, ಜಾಡಿಯನ್ನು. ಜಾಡಿಗಿಂತ ಅಜ್ಜಿಯ ಕೈಯನ್ನು. ನಂಬಿಸಿಕೊಂಡವರ ಮೇಲೆ ಸಾಲವಿರುತ್ತದೆ. ಹಿಂದೆ ವೆನಿಸ್ ನಗರದಲ್ಲಿ ಥೀರಿಯಾಕ್ ಎಂಬ ಹೆಸರಾಂತ ಲೇಹವನ್ನು ಜನರೆದುರೇ ಕುಟ್ಟಿ ಬೆರೆಸುತ್ತಿದ್ದರಂತೆ. ಜಾಡಿಯ ಮೇಲಿನ ಹೆಸರೊಂದೇ ಸಾಲದೆಂದು ಅವರಿಗೂ ಗೊತ್ತಿತ್ತು.

ಬಿಳಿಯ ಮೆರುಗು ಮೋಸವಲ್ಲ ಎಂದು ಈಗ ನನಗನ್ನಿಸುತ್ತದೆ. ಮೆರುಗಿಲ್ಲದಿದ್ದರೆ ಮಣ್ಣಿನ ಮೈಯಲ್ಲಿ ಮದ್ದು ಹೀರಿಹೋಗುತ್ತದೆ. ನಮ್ಮ ಮಾತಿಗೂ ಅಷ್ಟು ಮೆರುಗು ಬೇಕು. ಕಾಯಿಲೆಯವರ ಮುಂದೆ, ಮದುವೆಯಾಗಿ ಹೋಗುವ ಮಗಳ ಮುಂದೆ ಕೊಟ್ಟೇ ಇರುತ್ತೇವೆ. ಒಳಗೇನಿದೆಯೆಂದು ಕೇಳಿದವರಿಗೆ, ಕೇಳಲು ತೋಚದವರಿಗೂ, ಹೇಳದಿದ್ದಾಗ ಮಾತ್ರ ಅದು ಮೋಸವಾಗುತ್ತದೆ.

ಆ ಜಾಡಿ ಈಗ ಚಿಂತಾಮಣಿಯ ನನ್ನ ಮನೆಯಲ್ಲಿದೆ. ಬಂದವರು ಚೆಂದವಿದೆ ಎನ್ನುತ್ತಾರೆ. ಒಳಗೇನಿದೆ ಎಂದರೆ, ಬಾಯಿ ಬಿಚ್ಚಿ ತೋರಿಸುತ್ತೇನೆ. ಏನೂ ಇಲ್ಲ.