ಶಿಷ್ಯರನ್ನು ಹುಡುಕುವಾಗ



ರಾಣೆಬೆನ್ನೂರಿನಲ್ಲಿ ಪಿಯಾನೋ ಕ್ಲಾಸು ಶುರು ಮಾಡಿ ಐದು ತಿಂಗಳಾಯಿತು. ಇರುವುದು 88 ಕೀಲಿಯ ಡಿಜಿಟಲ್ ಪಿಯಾನೋ ಒಂದು, ಹಳೆಯ ಕೀಬೋರ್ಡ್ ಎರಡು. ಗುರುವಾರ ಬ್ಯಾಡಗಿ, ಭಾನುವಾರ ಹಾವೇರಿ. ಮೂರೂ ಊರು ಸೇರಿ ಒಂಬತ್ತು ಮಕ್ಕಳು. ಬಾಡಿಗೆ, ಬಸ್ ಚಾರ್ಜು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಇನ್ನಷ್ಟು ಮಕ್ಕಳು ಬೇಕು. ಅವರನ್ನು ಕರೆಯುವಾಗ ಏನು ಹೇಳಬಹುದು, ಏನು ಹೇಳಬಾರದು? ಸಮ್ಯಕ್ ಆಜೀವ ಎಂದು ನಾವು ಓದುತ್ತ ಬಂದದ್ದು ನನ್ನ ಪಾಲಿಗೆ ಈಗ ಈ ಪ್ರಶ್ನೆಯಾಗಿದೆ.

ಪಾಂಪ್ಲೆಟ್ ಮಾಡಿಸಲು ಹೋದರೆ ಪ್ರೆಸ್ಸಿನವರು ತಾವೇ ಒಂದು ಸಾಲು ಸೇರಿಸಿದ್ದರು: ಮೂರೇ ತಿಂಗಳಲ್ಲಿ ನಿಮ್ಮ ಮಗು ಟಿವಿಯಲ್ಲಿ! ತೆಗೆಸಿದೆ. "ಹಿಂಗ ಹಾಕಿದ್ರನ ಮಂದಿ ಬರ್ತಾರ್ರೀ ಸರ" ಎಂದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದನ್ನು ಯಾರೂ ಮುಚ್ಚಿಡುವುದಿಲ್ಲ, ಆದರೂ ದೇಶವೆಲ್ಲ ಕೊಳ್ಳುತ್ತದೆ.

ಇದು ಸುಲಭದ ಭಾಗ. ಕಷ್ಟದ್ದು ತಂದೆತಾಯಿ ಕೇಳುವ ಮೊದಲ ಪ್ರಶ್ನೆ: "ಇದರಾಗ ರಾಗ ಬರ್ತಾವೇನ್ರೀ?" ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿ ಇಬ್ಬರೂ ಈಗಿನ ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರು; ಗಂಗೂಬಾಯಿಯವರ ಹೆಸರಿನೊಂದಿಗೆ ಬಂದ ಹಾನಗಲ್ಲೂ ಇಲ್ಲೇ ಇದೆ. ಕೇಳದೆ ಇರುತ್ತಾರೆಯೇ? "ಬರ್ತಾವ್ರೀ" ಎಂದರೆ ಆವತ್ತೇ ಫೀಸು ಕೈಗೆ ಬರುತ್ತದೆ. ಆದರೆ ಪಿಯಾನೋದ ಸ್ವರಗಳು ಮೆಟ್ಟಿಲಿದ್ದಂತೆ. ಒಂದರಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿಲ್ಲ. ಇಂಥ ಆಕ್ಷೇಪದಿಂದಲೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿ, ಮೂರು ದಶಕ ಹೊರಗಿಟ್ಟಿತ್ತು. ಆದ್ದರಿಂದ ನಾನು ಹೇಳುವುದು: ಸ್ವರಜ್ಞಾನ, ಲಯ, ಎರಡು ಕೈಯ ಹಿಡಿತ ಬರುತ್ತದೆ, ರಾಗವನ್ನೇ ಕಲಿಯಬೇಕೆಂದರೆ ಹಾಡುವ ಗುರುಗಳ ಹತ್ತಿರ ಕಳಿಸಿ. ಈ ಉತ್ತರದಿಂದ ಹಾವೇರಿಯಲ್ಲಿ ಎರಡು ಮನೆ ಕೈತಪ್ಪಿದವು. ಕೇಳದವರಿಗೂ ಹೇಳಬೇಕೇ? ಹೇಳಬೇಕು ಎಂದೇ ನನ್ನ ಅಭಿಪ್ರಾಯ. ಅವರು ಕೊಡುವುದು ಬರೀ ಫೀಸಲ್ಲ, ಮಗುವಿನ ಮೂರು ನಾಲ್ಕು ವರ್ಷ.

ಬಂದ ಶಿಷ್ಯರನ್ನು ಉಳಿಸಿಕೊಳ್ಳುವುದರಲ್ಲೂ ಆಸೆ ಇದೆ. ಒಂದು ತಿಂಗಳ ಪಾಠವನ್ನು ಮೂರು ತಿಂಗಳು ಎಳೆದರೆ ಯಾರಿಗೆ ಗೊತ್ತಾಗುತ್ತದೆ? ತನ್ನಲ್ಲಿ ಆಚಾರ್ಯಮುಷ್ಟಿ ಇಲ್ಲ ಎಂದು ಬುದ್ಧರು ಆನಂದನಿಗೆ ಹೇಳಿದ್ದು ಮಹಾಪರಿನಿಬ್ಬಾಣ ಸುತ್ತದಲ್ಲಿದೆ. ಗುತ್ತಿಲ ಜಾತಕ ಇನ್ನೂ ನೇರ. ಕಾಶಿಯ ವೀಣಾಕಾರ ಗುತ್ತಿಲ, ಕುರುಡು ತಂದೆತಾಯಿಯನ್ನು ಸಾಕುತ್ತಿದ್ದವನು, ಉಜ್ಜಯಿನಿಯಿಂದ ಬಂದ ಮೂಸಿಲನಿಗೆ ಏನನ್ನೂ ಬಚ್ಚಿಡದೆ ಕಲಿಸಿದ. ಆ ಶಿಷ್ಯ ಅರಸನ ಮುಂದೆ ಗುರುವಿನಷ್ಟೇ ಸಂಬಳ ಕೇಳಿ, ಮುದಿ ಗುರುವನ್ನೇ ಸ್ಪರ್ಧೆಗೆ ಎಳೆದ. ಗುತ್ತಿಲ ಹೆದರಿ ಕಾಡಿಗೂ ಓಡಿದ. ಆದರೆ ಕಲಿಸಿದ್ದು ತಪ್ಪಾಯಿತು ಎಂದು ಕತೆ ಎಲ್ಲೂ ಹೇಳುವುದಿಲ್ಲ. ಏಕಲವ್ಯನ ಬೆರಳು ಕೇಳಿದ ಗುರುವಿನ ಕತೆ ಕೇಳಿ ಬೆಳೆದ ನಮಗೆ ಈ ಕತೆ ಬೇಕು.

ನಮ್ಮ ಬಳಗದ ಹಿರಿಯರೊಬ್ಬರು ಫೀಸನ್ನೇ ಬಿಡು ಎಂದರು. ಗಾಥೆ ಹೇಳಿ ಬಂದ ಅನ್ನವನ್ನು ಬುದ್ಧರು ಉಣ್ಣಲಿಲ್ಲ, ನಿಜ. ಅದು ಧಮ್ಮ, ಇದು ಕಸುಬು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಉಚಿತ ಪಾಠದ ಹಿಂದೆಯೂ ಭಕ್ತರು ಕೊಟ್ಟ ಕಾಳುಕಡಿ ಇದೆ. ನಾನು ಗೃಹಸ್ಥ, ಫೀಸು ತೆಗೆದುಕೊಳ್ಳುತ್ತೇನೆ.

ಹೋದ ವಾರ ಬ್ಯಾಡಗಿಯ ತಂದೆಯೊಬ್ಬರು ಮಗನನ್ನು ಹಾರ್ಮೋನಿಯಂ ಗುರುಗಳಿಂದ ಬಿಡಿಸಿ ನನ್ನಲ್ಲಿಗೆ ಹಾಕುತ್ತೇನೆಂದರು. ಆ ಗುರುಗಳಿಗೆ ವಯಸ್ಸಾಗಿದೆ, ಅವರಿಗೂ ನಾಲ್ಕೈದೇ ಮಕ್ಕಳು. "ಮೊದಲು ಅವರಿಗೆ ಹೇಳಿ ಬರ್ರಿ, ಆಮೇಲೆ ನೋಡೋಣು" ಎಂದೆ. ಇನ್ನೂ ಬಂದಿಲ್ಲ. ನಾಳೆ ಗುರುವಾರ.