ಸಿಹಿಯ ಹಿಂದಿನ ಋಣ

ಮಂಡ್ಯ, ಮದ್ದೂರು, ಮಳವಳ್ಳಿಗಳ ಜನರಿಗೆ ಕಬ್ಬಿನ ಬೆಲೆ ಬೆವರಿನಿಂದಲೇ ತಿಳಿದಿದೆ. ಇದೇ ಕಬ್ಬಿಗಾಗಿ ಮನುಷ್ಯರನ್ನೇ ಮಾರಿದ ಕಾಲವೊಂದಿತ್ತು. ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಸಂಕೋಲೆ ತೊಡಿಸಿ ಅಟ್ಲಾಂಟಿಕ್ ಸಾಗರದಾಚೆಗೆ ಸಾಗಿಸಲಾಯಿತು. ಅವರಲ್ಲಿ ಬಹುಮಂದಿ ಬ್ರೆಜಿಲ್ ಮತ್ತು ಕೆರೀಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಸವೆದುಹೋದರು. ಈ ಪಾಪ ನಮ್ಮ ನಾಡನ್ನೂ ಮುಟ್ಟದೆ ಬಿಡಲಿಲ್ಲ. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ನರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳು ಅಂಥವರ ಸಂತತಿ.

1833ರಲ್ಲಿ ಬ್ರಿಟನ್ ಗುಲಾಮಗಿರಿಯನ್ನು ರದ್ದುಪಡಿಸುವ ಕಾಯಿದೆ ಮಾಡಿ, 2 ಕೋಟಿ ಪೌಂಡುಗಳ ಪರಿಹಾರವನ್ನೂ ಗೊತ್ತುಮಾಡಿತು. ಅದು ಸಂದದ್ದು ಯಾರಿಗೆ? ಒಡೆಯರಿಗೆ! ದುಡಿದವರಿಗೆ ಬಿಡಿಗಾಸೂ ದೊರೆಯಲಿಲ್ಲ. ಕಾನೂನು ಸಂಕೋಲೆಯನ್ನು ಕಳಚಿತು. ಆದರೆ ಋಣಿ ಯಾರೆಂಬುದನ್ನು ತಲೆಕೆಳಗಾಗಿ ಬರೆಯಿತು.

ಭಾರತದ 1976ರ ಜೀತ ನಿರ್ಮೂಲನ ಕಾಯಿದೆ ಈ ಲೆಕ್ಕವನ್ನು ತಿದ್ದಿತು. ಜೀತಕ್ಕೆ ಕಾರಣವಾದ ಸಾಲವನ್ನು ದುಡಿಯುವವನು ತೀರಿಸಬೇಕಾಗಿಲ್ಲವೆಂದು ಅದು ಸಾರಿತು. ಮನವೊಪ್ಪಿ ಮಾಡಿದ ದುಡಿಮೆ ಕಾಯಕ. ಕಟ್ಟಿಹಾಕಿ ಮಾಡಿಸಿದ ದುಡಿಮೆ ಕಳವು. ಕದ್ದವನೇ ಸಾಲಿಗನೆನಿಸಿಕೊಳ್ಳುವುದು ಯಾವ ಧರ್ಮ?

ಆದುದರಿಂದ ಕಬ್ಬು ಕಡಿಯಲು ದೂರದಿಂದ ಬರುವ ಕೂಲಿಗಾರರಿಗೆ ಕೊಡುವ ಮುಂಗಡವು ಅವರ ಕಾಲಿಗೆ ಕಟ್ಟಿದ ಹಗ್ಗವಾಗಬಾರದು. ಸಿಹಿಯುಣ್ಣುವವರೆಲ್ಲರೂ ಅವರ ಋಣದಲ್ಲಿದ್ದೇವೆ.